ಅಂದಾನಿಯ ಮಂಡಿಯಲ್ಲಿ ಯಾರ ನೋವು

ಅಂದಾನಿಯ ಬಲಮಂಡಿಯ ಬಗ್ಗೆ ನಮ್ಮೂರಿನಲ್ಲಿ ಅಭಿಪ್ರಾಯ ಇಲ್ಲದವರು ಇಬ್ಬರೇ. ಒಬ್ಬರು, ಇನ್ನೂ ತಾಯಿ ಹೊಟ್ಟೆಯಲ್ಲಿರುವವರು. ಇನ್ನೊಬ್ಬ, ಸ್ವತಃ ಅಂದಾನಿ. ಮಿಕ್ಕವರಿಗೆಲ್ಲ ಆ ಮಂಡಿ ತಮ್ಮ ಅಂಗೈಯಷ್ಟು ಗೊತ್ತಿತ್ತು. ಜವರನ ಬೀಡಾ ಅಂಗಡಿಯ ಮುಂದೆ ಬೆಳಿಗ್ಗೆ ಅದರೊಳಗೆ ನೀರು ತುಂಬುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಚಿಪ್ಪು ಸವೆಯುತ್ತಿತ್ತು, ಸಂಜೆ ಮೈದಾನ ತುಂಬುವ ವೇಳೆಗೆ ಒಂದು ನರ ಇನ್ನೊಂದರ ಮೇಲೆ ಹತ್ತಿ ಕೂತಿರುತ್ತಿತ್ತು. ಜೀವಮಾನದಲ್ಲಿ ಚೆಂಡನ್ನು ಮುಟ್ಟದವರೂ ತಮ್ಮ ಪಂಚೆ ಎತ್ತಿ, ತಮ್ಮದೇ ಮಂಡಿಯ ಮೇಲೆ ಬೆರಳಿಟ್ಟು, "ಇಲ್ಲಿ, ನೋಡಿ ಇಲ್ಲಿ, ಇಲ್ಲೇ ಎಡವಟ್ಟಾಗಿರೋದು" ಎಂದು ತೋರಿಸುತ್ತಿದ್ದರು.

ಅಷ್ಟು ಚಿಂತೆಗೆ ಕಾರಣವೂ ಇತ್ತು. ಅಂದಾನಿ ನಮ್ಮೂರ ಫುಟ್‌ಬಾಲ್ ತಂಡಕ್ಕೆ ಗೋಲು ಹೊಡೆಯುವವನು. ಅವನು ಓಡುವುದು ಓಟವಲ್ಲ, ಕುಂಟು. ಓಡುತ್ತ ಓಡುತ್ತ ಬಲಮಂಡಿ ಇದ್ದಕ್ಕಿದ್ದಂತೆ ಕುಸಿಯುತ್ತದೆ, ಮೈ ಬಲಕ್ಕೆ ವಾಲುತ್ತದೆ, ತಡೆಯಲು ಬಂದವನು ತಾನೂ ಬಲಕ್ಕೆ ವಾಲುತ್ತಾನೆ, ಅಷ್ಟರಲ್ಲಿ ಚೆಂಡು ಎಡಕ್ಕೆ ಹೋಗಿರುತ್ತದೆ. ಎರಡು ವರ್ಷ ಹೀಗೇ ನಡೆಯಿತು. ಮೂರನೆಯ ವರ್ಷ ಕುಂಟು ಮಿತಿ ಮೀರಿತು. ಸೆಮಿಫೈನಲ್ಲಿನಲ್ಲಿ ಗೋಲು ಹೊಡೆದವನು ಅಲ್ಲೇ ಕುಸಿದ, ಹೊತ್ತುಕೊಂಡು ಬರಬೇಕಾಯಿತು. ಫೈನಲ್ಲು ಹೊಳೆಯಾಚೆಯ ಊರಿನ ಜೊತೆ. ಆ ಊರಿನವರಿಗೆ ಸೋಲುವುದಕ್ಕಿಂತ ಸಾಯುವುದು ಮೇಲು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಹೇಳುತ್ತಲೇ ಹಲವು ಸಲ ಸೋತು ಬದುಕಿಕೊಂಡಿದ್ದಾರೆ. ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿದರು. "ಮಂಡಿ ಕನ್ನಡಿ ಇದ್ದ ಹಾಗಿದೆ. ಈ ನೋವು ನಿಂದಲ್ಲಪ್ಪ. ಯಾರದೋ ಮುದಿನೋವು. ಹೀಗೇ ಬಿಟ್ಟರೆ ಬರೋ ಮಳೆಗಾಲಕ್ಕೆ ಕೋಲು ಹಿಡೀತೀಯ" ಎಂದು ಕಳಿಸಿದರು. "ಇದು ನಿಮ್ಮದಲ್ಲ" ಎನ್ನುವುದು ನಮ್ಮೂರ ಡಾಕ್ಟರುಗಳಿಗೆ ದಿನನಿತ್ಯದ ಮಾತು.

ನಮ್ಮಲ್ಲಿ ನೋವು ಒಬ್ಬರಲ್ಲೇ ಕೂತಿರುವುದಿಲ್ಲ. ನೋಯುವವರ ಕೈ ಹಿಡಿದು ಇನ್ನೊಬ್ಬರು "ನಂದು" ಅಂದರೆ ಸಾಕು, ಎದ್ದು ಇವರ ಮೈಗೆ ಬರುತ್ತದೆ. ತಳ್ಳಿದರೆ ಹೋಗುವುದಿಲ್ಲ, ಮಾರಿದರೆ ಹೋಗುವುದಿಲ್ಲ. ತಗೊಳ್ಳುವವರು ಬಾಯಿಬಿಟ್ಟು ಹೇಳಬೇಕು. ಹಾಗಾಗಿ ಮದುವೆಯಲ್ಲಿ ಗಂಡಿಗೆ ಹಲ್ಲುನೋವು ಬಂದರೆ ಧಾರೆ ಮುಗಿಯುವವರೆಗೆ ಸೋದರಮಾವ ಅದನ್ನು ಹಿಡಿದುಕೊಂಡು ಮೂಲೆಯಲ್ಲಿ ಕೂರುತ್ತಾನೆ. ಪರೀಕ್ಷೆಯ ದಿನ ಶಾಲೆಯ ಗೇಟಿನ ಹೊರಗೆ ತಾಯಂದಿರು ಮಕ್ಕಳ ತಲೆನೋವು ಹೊತ್ತು ಸಾಲಾಗಿ ನಿಂತಿರುತ್ತಾರೆ. ಹೆರಿಗೆ ಕೋಣೆಯ ಬಾಗಿಲಲ್ಲಿ ಮಾತ್ರ ಗಂಡಂದಿರಿಗೆ ಆ ಒಂದು ಮಾತು ಯಾವತ್ತೂ ನೆನಪಿಗೆ ಬಂದದ್ದಿಲ್ಲ.

ಬಲವಂತಕ್ಕೆ ಜಾಗವೇ ಇಲ್ಲದ ಏರ್ಪಾಡು ಎಂದು ಮೇಲಿನ ಬೀದಿಯವರು ಹೆಮ್ಮೆ ಪಡುತ್ತಿದ್ದರು. ಹಾಗಿದ್ದೂ, ಅದು ಹೇಗೋ ಏನೋ, ಮೇಲಿನ ಬೀದಿಯ ಸೊಂಟನೋವು, ಕೀಲುನೋವು, ಹೊಟ್ಟೆಶೂಲೆಗಳೆಲ್ಲ ಇಳಿಜಾರಿನ ನೀರಿನ ಹಾಗೆ ಹರಿದು ನಮ್ಮ ಕೆಳಕೇರಿಗೇ ಬಂದು ನಿಲ್ಲುತ್ತಿದ್ದವು. ಎಲ್ಲರೂ ತಂತಮ್ಮ ಬಾಯಿಂದಲೇ "ನಂದು" ಅಂದವರು. ಬಾಯಿ ಅಂದರೆ ಅದಕ್ಕೆ ಹಸಿವೂ ಇರುತ್ತದೆ ಎನ್ನುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನೋವಿನ ಜೊತೆಗೆ ಅದು ಹುಟ್ಟಿದ ಗಳಿಗೆಯೂ ಬರುತ್ತದೆ. ಕುದುರೆಯನ್ನು ಮುಟ್ಟಿಯೂ ನೋಡದ ನನ್ನಜ್ಜ ಸಾಯುವವರೆಗೂ ಕುದುರೆಯ ಮೇಲಿಂದ ಬೀಳುತ್ತಲೇ ಇದ್ದ. ನೋವು ಮೊದಲು ಯಾರದೋ ಅವರಿಗೆ, ಕೊಟ್ಟ ಮೇಲೆ, ಆ ಗಳಿಗೆ ಅಳಿಸಿಹೋಗುತ್ತದೆ, ನಡುವೆ ಹೊತ್ತವರಿಗೆ ಅಳಿಸುವುದಿಲ್ಲ. ಮೇಲಿನ ಬೀದಿಯವರು ತಾವು ಯಾವತ್ತೂ ಬಿದ್ದೇ ಇಲ್ಲ ಎಂದು ನಂಬಿರುವುದು ಅದಕ್ಕೇ. ಈಗ ಆ ಪದ್ಧತಿ ನಿಂತಿದೆ. ನಿಂತಿದೆ ಎಂದು ಪುರಸಭೆಯವರು ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದ್ದಾರೆ.

ನಾನು ಶಿವಗಂಗೆ, ಕೇರಿಯವರ ಬಾಯಲ್ಲಿ ಗಂಗಕ್ಕ. ತಂಡದ ಅಂಗಿ ಚಡ್ಡಿ ಹೊಲಿಯುವ ಟೈಲರು. ಭಾನುವಾರ ಅದೇ ಅಂಗಡಿಯಲ್ಲಿ, ಮಿಷನ್ನಿನ ಮೇಲೆ ಬಟ್ಟೆ ಮುಚ್ಚಿ, ನಮ್ಮ ಓದುಬಳಗ ಸೇರುತ್ತದೆ. ಒಬ್ಬರು ಓದುತ್ತೇವೆ, ಉಳಿದವರು ಜಗಳವಾಡುತ್ತೇವೆ. ಓದಿ ಓದಿ ನಮಗೆ ಒಂದು ಚಟ ಅಂಟಿತ್ತು: ಎಲ್ಲಿ ಯಾರಿಗೆ ನೋವಾದರೂ ಅದರ ಇನ್ನೊಂದು ತುದಿ ಯಾರ ಮನೆಯಲ್ಲಿದೆ ಎಂದು ಕೇಳುವುದು.

ಎಕ್ಸ್‌ರೇಯ ಸುದ್ದಿ ಬಂದದ್ದೇ ತಡ, ಜವರನ ಅಂಗಡಿಯಲ್ಲಿ "ಏನಾಗಿದೆ" ಎನ್ನುತ್ತಿದ್ದವರು "ಯಾರದು" ಎನ್ನತೊಡಗಿದರು. ಜವರ ಅಂದಾನಿ ಅಭಿಮಾನಿ ಬಳಗದ ಮುಖಂಡ. ಎದೆಯ ಮೇಲೆ ಅಂದಾನಿಯ ಮುಖವನ್ನು ಹಚ್ಚೆ ಹಾಕಿಸಿಕೊಂಡಿದ್ದ. ಅದು ಅಂದಾನಿಗಿಂತ ಜವರನ ಸೋದರತ್ತೆಯನ್ನು ಹೆಚ್ಚು ಹೋಲುತ್ತಿತ್ತು, ಮತ್ತು ಹಾಕಿಸಿಕೊಳ್ಳುವಾಗಿನ ನೋವನ್ನು ಪಾಪದ ಭಾಮೈದ ಹೊತ್ತಿದ್ದ. ಅದು ಬೇರೆ ಮಾತು. ಅಂದಾನಿಯನ್ನು ಹಿಡಿದು ನಿಲ್ಲಿಸಿ ಜವರ ಕೇಳಿದ: "ನೋವು ಬಂದಾಗ ಏನ್ ಕಾಣ್ತದ್ಲಾ? ಅದ್ನಾರ ಹೇಳು, ಯಾರದು ಅಂತ ನಾವ್ ಪತ್ತೆ ಹಚ್ತೀವಿ."

"ಏನೂ ಕಾಣಾಕಿಲ್ಲ ಕನಣ್ಣ."

"ಯಾರ್ ಕೈ ಹಿಡ್ದೆ?"

"ಗ್ಯಾನ ಇಲ್ಲ."

ಹೇಳದಿದ್ದರೆ ಬಿಡುತ್ತಾರೆಯೇ? "ಸರಳ ಲೆಕ್ಕ ಕನ್ರಪ್ಪಾ," ಎಂದ ಜವರ, ಎಲೆಗೆ ಸುಣ್ಣ ಹಚ್ಚುತ್ತ. "ಮುದಿನೋವು ಅಂತ ಡಾಕ್ಟ್ರೇ ಹೇಳವ್ರೆ. ಊರಲ್ಲಿ ವಯಸ್ಸಾಗಿದ್ರೂ ಯಾವನ್ ಮಂಡಿ ನೋಯಾಕಿಲ್ವೋ, ಅವ್ನೇ ಕಳ್ಳ."

ಮಾರನೆಯ ದಿನದಿಂದ ಮೇಲಿನ ಬೀದಿಯ ಗಂಡಸರು ಕುಂಟಲು ಶುರು ಮಾಡಿದರು. ನೆಟ್ಟಗೆ ನಡೆದವನ ಮೇಲೆಲ್ಲ ಗುಮಾನಿ. ಮೆಡಿಕಲ್ ಶಾಪಿನಲ್ಲಿ ನೋವಿನ ಮುಲಾಮು ಖಾಲಿಯಾಯಿತು. ಸಂಜೆ ವಾಕಿಂಗಿಗೆ ಹೊರಟವರು ಯುದ್ಧ ಸೋತು ಬಂದ ದಂಡಿನ ಹಾಗೆ ಕಾಣುತ್ತಿದ್ದರು. ನಿವೃತ್ತ ಹೆಡ್ಮಾಸ್ತರ ಶ್ಯಾಮರಾಯರು ಬೆಳಿಗ್ಗೆ ಎಡಗಾಲು ಎಳೆದರು, ಸಂಜೆ ಬಲಗಾಲು. ಜವರ ಅಂಗಡಿಯಿಂದಲೇ ಕೂಗಿದ: "ಮೇಷ್ಟ್ರೇ, ಬೆಳಿಗ್ಗೆ ಆ ಕಾಲಲ್ವಾ?" ರಾಯರು ನಿಂತು, ಎರಡೂ ಕಾಲು ನೋಡಿಕೊಂಡು, "ಅದು ಸುತ್ತಾಡುತ್ತೆ ಕಣೋ" ಎಂದು ಎರಡನ್ನೂ ಎಳೆದುಕೊಂಡು ಹೋದರು. ಓದುಬಳಗದವರು ನಾವು ಕಟ್ಟೆಯ ಮೇಲೆ ಕೂತು ಕಡಲೆಕಾಯಿ ತಿನ್ನುತ್ತ ಆ ಮೆರವಣಿಗೆ ನೋಡಿದೆವು. ತಲೆತಲಾಂತರದಲ್ಲಿ ಮೊದಲ ಸಲ ಮೇಲಿನ ಬೀದಿ ಕುಂಟಿತ್ತು. ಅದೂ ಸುಳ್ಳುಸುಳ್ಳೇ.

ನಮ್ಮ ಗುಮಾನಿ ಒಬ್ಬರ ಮೇಲೆ ಮಾತ್ರ: ಕ್ಲಬ್ಬಿನ ಅಧ್ಯಕ್ಷ ಪರಮೇಶಯ್ಯನವರು. ಅಂದಾನಿಯ ತಾಯಿ ಪುಟ್ಟಸಿದ್ದಮ್ಮ ಒಂದು ಕಾಲಕ್ಕೆ ಅವರ ಮನೆಯಲ್ಲೇ ಕಸಮುಸುರೆ ಮಾಡುತ್ತಿದ್ದವಳು. "ಫೈನಲ್ಲಿನೊಳಗೆ ಮಂಡಿ ನೆಟ್ಟಗಾಗದಿದ್ದರೆ ಅಂದಾನಿಯ ಅಂಗಿ ಬೇರೆಯವರಿಗೆ" ಎಂದು ಸಾರಿದವರೂ ಅವರೇ. ಮೈದಾನದ ಅಂಚಿನಲ್ಲಿ ಪಂಚೆ ಎತ್ತಿ ಕಟ್ಟಿ, ಆಟಗಾರರಿಗಿಂತ ಜೋರಾಗಿ ಓಡಾಡುತ್ತ ಬೈಯುವ ಆ ಮನುಷ್ಯನ ಮಂಡಿ ಆ ವಯಸ್ಸಿನಲ್ಲಿ ಅಷ್ಟು ಚೆನ್ನಾಗಿರಲು ಹೇಗೆ ಸಾಧ್ಯ? ಬಳಗದಲ್ಲಿ ಠರಾವು ಮಾಡಿದೆವು. ಡೋಲು ಹಿಡಿದು, "ನಿಮ್ಮ ನೋವು ನಿಮಗಿರಲಿ" ಎಂದು ಕೂಗುತ್ತ ಅವರ ದೊಡ್ಡಮನೆಯ ಮುಂದೆ ನಿಂತೆವು. ಅಭಿಮಾನಿ ಬಳಗವೂ ಬಂತು. ನ್ಯಾಯಕ್ಕಲ್ಲ, ಫೈನಲ್ಲಿಗೆ.

ಪರಮೇಶಯ್ಯನವರು ಜಗಲಿಗೆ ಬಂದು ಪಂಚೆಯನ್ನು ತೊಡೆಯವರೆಗೆ ಮಡಚಿದರು. "ಒತ್ತಿ ನೋಡಿ." ಜವರ ಮುಂದೆ ಹೋಗಿ ಹೆಬ್ಬೆರಳಿನಿಂದ ಒತ್ತಿದ. ಅಧ್ಯಕ್ಷರು ಕಿರುಚಿದ ರಭಸಕ್ಕೆ ತೆಂಗಿನಮರದ ಕಾಗೆಗಳೆಲ್ಲ ಎದ್ದವು. ಅದು ನಟನೆಯಲ್ಲ, ಅಸಲಿ, ಸ್ವಂತದ್ದು, ವರ್ಷಗಳಿಂದ ಸಾಕಿದ್ದು. ಬಾಗಿಲ ಹಿಂದಿನಿಂದ ಅವರ ಹೆಂಡತಿ ಹೇಳಿದರು: "ದಿನಾ ಎಣ್ಣೆ ತಿಕ್ಕೋಳು ನಾನು. ಮೈದಾನದಲ್ಲಿ ಕುಣಿದು ಬಂದು ರಾತ್ರಿಯೆಲ್ಲ ಅಯ್ಯೋ ಅಮ್ಮ ಅಂತಾರೆ. ಬೇಕಾದ್ರೆ ತಗೊಂಡ್ಹೋಗಿ, ಪುಣ್ಯ ಬರುತ್ತೆ." ಅಷ್ಟರಲ್ಲಿ ಗಲಾಟೆ ಕೇಳಿ ಅಧ್ಯಕ್ಷರ ತಾಯಿ ಪದ್ಮಾವತಮ್ಮನವರು ಮಹಡಿಯಿಂದ ದಡದಡ ಇಳಿದು ಬಂದರು. ಎಂಬತ್ತು ದಾಟಿದ ಜೀವ. "ಮಲಗಕ್ಕೂ ಬಿಡಲ್ವೇನ್ರೋ ಹಾಳಾದೋರಾ!" ಎಂದು ನಮ್ಮನ್ನೆಲ್ಲ ಒಟ್ಟಿಗೆ ಬೈದು, ಅದೇ ವೇಗದಲ್ಲಿ ದಡದಡ ಹತ್ತಿ ಹೋದರು. ನಾವು ಡೋಲನ್ನು ಕಂಕುಳಲ್ಲಿ ಇಟ್ಟುಕೊಂಡು ತೆಪ್ಪಗೆ ವಾಪಸಾದೆವು.

ಫೈನಲ್ಲಿನ ಹಿಂದಿನ ದಿನ ಅಂದಾನಿ ನನ್ನ ಅಂಗಡಿಗೆ ಬಂದ. ಸ್ಟೂಲಿನ ಮೇಲೆ ಕೂರಲು ಮಿಷನ್ನಿನ ಅಂಚು ಹಿಡಿದುಕೊಂಡ, ಮುದುಕರ ಹಾಗೆ.

"ಅಕ್ಕ, ಚಡ್ಡಿ ವಸಿ ಸಡ್ಲ ಮಾಡ್ಕೊಡು. ಮಂಡಿಗೆ ಪಟ್ಟಿ ಕಟ್ಕೋಬೇಕು."

"ಪಟ್ಟಿ ಕಟ್ಟಿದ್ರೆ ಬೇರೆಯೋರ ನೋವು ನಿಂತದೇನ್ಲಾ? ಕೋಲು ಹಿಡಿಯೋ ವಯಸ್ಸಾ ನಿಂದು? ನಂತಾವಾದ್ರೂ ಹೇಳು ಮಗ, ಏನ್ ಕಾಣ್ತದೆ?"

ಅವನು ನೂಲಿನ ಉಂಡೆಯನ್ನು ಎತ್ತಿ ಕೈಯಲ್ಲಿ ತಿರುಗಿಸಿದ. "ನಗಬಾರ್ದು."

"ನಗಾಕಿಲ್ಲ."

"ನೋವು ಬಂದಾಗೆಲ್ಲ ನಾನು ಲಂಗ ಉಟ್ಕೊಂಡಿರ್ತೀನಿ."

ನನ್ನ ಬಾಯಲ್ಲಿ ಗುಂಡುಪಿನ್ನುಗಳಿದ್ದವು. ನಗದೆ ಇರಲು ತುಟಿ ಬಿಗಿದಾಗ ಎರಡು ಚುಚ್ಚಿದವು.

"ಹಸ್ರು ಲಂಗ. ಕೈ ತುಂಬ ಬಳೆ. ಎತ್ತರದ ಗೋಡೆ ಮ್ಯಾಲೆ ನಿಂತಿರ್ತೀನಿ, ಮಡ್ಲು ತುಂಬ ಹುಣಸೆಕಾಯಿ. ಕೆಳಗಡೆ ಒಂದು ಹುಡುಗಿ 'ದುಮುಕೇ ಪದ್ದೂ, ಅಪ್ಪ ಬಂದ್ರು' ಅಂತಾಳೆ. ದುಮುಕ್ತೀನಿ. ಅಷ್ಟೇಯ. ಬಾಯೆಲ್ಲ ಹುಳಿ. ಪೆನಾಲ್ಟಿ ಹೊಡಿಯೋವಾಗ್ಲೂ ಹುಳಿ ಕನಕ್ಕ! ಮೈದಾನದ ತುಂಬ ಜನ 'ಅಂದಾನಿ, ಅಂದಾನಿ' ಅಂತಾವ್ರೆ, ನನ್ ಕಿವೀಗೆ 'ಪದ್ದೂ, ಪದ್ದೂ'. ಇದ್ನ ಜವರಣ್ಣಂಗೆ ಹೇಳಾಕಾಯ್ತದಾ? ಎದೆ ಮ್ಯಾಲೆ ನನ್ ಮಕ ಬರ್ಸ್ಕೊಂಡವ್ನೆ, ಅದ್ಕೂ ಲಂಗ ಬರ್ಸ್‌ಬುಡ್ತಾನೆ."

ನಾನು ಪಿನ್ನುಗಳನ್ನು ಉಗಿದೆ. ಊರೆಲ್ಲ ಗಂಡಸರ ಮಂಡಿಯನ್ನೇ ಒತ್ತಿ ಒತ್ತಿ ನೋಡಿತ್ತು. ಒಬ್ಬ ಫುಟ್‌ಬಾಲ್ ಆಟಗಾರನನ್ನು ನೆಲಕ್ಕೆ ಕೆಡವಬಲ್ಲ ನೋವು ಒಬ್ಬ ಹೆಂಗಸಿನದಿರಬಹುದು ಎಂದು ಅಭಿಮಾನಿಗಳಿಗೆ ಹೊಳೆಯಲಿಲ್ಲ ಸರಿ. ಹೆಣ್ಣಿನ ಪಾಡಿನ ಬಗ್ಗೆ ಓದಿ ಓದಿ ಗಂಟಲು ಕಟ್ಟಿಸಿಕೊಂಡ ನಮ್ಮ ಬಳಗಕ್ಕೂ ಹೊಳೆಯಲಿಲ್ಲ. ದಡದಡ ಇಳಿದು ದಡದಡ ಹತ್ತಿದ ಆ ಎರಡು ಕಾಲುಗಳು ನಮ್ಮ ಕಣ್ಣಮುಂದೆಯೇ ಹಾದುಹೋಗಿದ್ದವು.

"ಆ ಮುದುಕಿ ಕೈ ನೀನ್ಯಾವಾಗ ಹಿಡ್ದೆ?"

"ಅವ್ರದ್ದಲ್ಲ. ಅವ್ವಂದು ಹಿಡ್ದೆ." ಅವನ ದನಿ ಇಳಿಯಿತು. "ಬುಟ್ಟಿ ಹೊತ್ತು ಸೊಪ್ಪು ಮಾರ್ಕೊಂಡು ಬಂದು ಮದ್ಯಾನ ಒರಗಿದ್ಲು. ನಿದ್ದೇಲೂ ಮಂಡಿ ಹಿಡ್ಕೊಂಡಿದ್ಲು. ನಿದ್ದೇಲೂ ಕನಕ್ಕ. ಕೈ ಹಿಡ್ದು ಅಂದ್‌ಬುಟ್ಟೆ. ಎಕ್ಕದ ಎಲೆ ಕಟ್ಟಿದ್ಕೆ ವಾಸಿ ಆಯ್ತು ಅಂದ್ಕೊಂಡವ್ಳೆ. ಹೇಳ್‌ಬ್ಯಾಡ. ಹೇಳಿದ್ರೆ ವಾಪಸ್ ತಕ್ಕೊಬುಡ್ತಾಳೆ."

ಎಕ್ಕದ ಎಲೆಯ ಕಥೆ ಕೇರಿಗೆಲ್ಲ ಗೊತ್ತಿತ್ತು. ಪುಟ್ಟಸಿದ್ದಮ್ಮ ಕಂಡಕಂಡವರಿಗೆಲ್ಲ ತನ್ನ ಮಂಡಿ ತೋರಿಸಿ, ಕಾಯಿಸಿದ ಎಕ್ಕದ ಎಲೆಯ ಮಹಿಮೆ ಹೇಳಿ ಹೇಳಿ, ಸುತ್ತಮುತ್ತ ಒಂದು ಎಕ್ಕದ ಗಿಡದಲ್ಲೂ ಎಲೆ ಉಳಿದಿರಲಿಲ್ಲ. ಮಗನಿಗೂ ದಿನಾ ಕಟ್ಟುತ್ತಿದ್ದಳು. ಅವನಿಗೆ ಮಾತ್ರ ಯಾಕೆ ಹಿಡಿಯುತ್ತಿಲ್ಲ ಎಂದು ಎಲೆಯನ್ನು ಬೈಯುತ್ತಿದ್ದಳು.

"ಹುಣಸೆಕಾಯಲ್ಲ ಕನ್ಲಾ ಅದು," ಎಂದಿತು ಬಾಗಿಲಿನಿಂದ ಒಂದು ದನಿ. "ದೋರಗಾಯಿ, ಅರ್ಧ ಹಣ್ಣಾಗಿರೋದು."

ತಲೆಯ ಮೇಲೆ ಸೊಪ್ಪಿನ ಬುಟ್ಟಿ, ಹೊಸಿಲ ಮೇಲೆ ಪುಟ್ಟಸಿದ್ದಮ್ಮ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. "ಇಪ್ಪತ್ತು ವರ್ಸ ಆ ಗ್ವಾಡೆಯಿಂದ ದುಮುಕಿವ್ನಿ, ನಂಗೊತ್ತಿಲ್ವಾ ಅದರ ಹುಳಿ?" ಬುಟ್ಟಿ ಇಳಿಸಿದಳು. ಒಂದು ಕಂತೆ ದಂಟಿನಸೊಪ್ಪು ತೆಗೆದು ಮಗನ ಬೆನ್ನಿಗೆ ಬಾರಿಸಿದಳು. "ಕಳ್ಳ! ಮಲಗಿದ್ದೋಳ್ ಮೈಯಿಂದ ಕದಿಯಾಕೆ ಯಾರ್ಲಾ ಹೇಳ್ಕೊಟ್ರು? ಎಕ್ಕದ ಎಲೆ ಅಂತ ಊರಿಗೆಲ್ಲ ಹೇಳ್ಕಂಡು ತಿರುಗ್ದೆನಲ್ಲೋ, ನನ್ ಮರ್ಯಾದೆ ಏನಾಯ್ತದೆ?" ಹೊಡೆಯುತ್ತ ಹೊಡೆಯುತ್ತ ಅವಳ ಕಣ್ಣು ತುಂಬಿತು. ಇದ್ದಕ್ಕಿದ್ದಂತೆ ಸೊಪ್ಪು ಎಸೆದು ಅವನ ಕೈ ಹಿಡಿದಳು. "ನಂ—"

ಅಂದಾನಿ ಅವಳ ಬಾಯಿ ಮುಚ್ಚಿದ. ಅವಳು ಕಚ್ಚಿದಳು. ಪಿನ್ನಿನ ಡಬ್ಬಿ ಉರುಳಿತು, ಸ್ಟೂಲು ಬಿತ್ತು, ತಾಯಿ ಮಗ ಒಂದು ನೋವಿಗಾಗಿ ನನ್ನ ಅಂಗಡಿಯ ನೆಲದ ಮೇಲೆ ಹೊರಳಾಡಿದರು. ಮೇಲಿನ ಬೀದಿಯಲ್ಲಿ ಅಣ್ಣತಮ್ಮಂದಿರು ಸೈಟಿಗಾಗಿ ಹೀಗೆ ಕಿತ್ತಾಡುವುದನ್ನು ನೋಡಿದ್ದೆ. ನೋವಿಗಾಗಿ ಕಿತ್ತಾಡುವವರನ್ನು ನೋಡಬೇಕಾದರೆ ನಮ್ಮ ಕೇರಿಗೇ ಬರಬೇಕು. ನಾನು ಇಬ್ಬರ ನಡುವೆ ಅಳತೆಯ ಕೋಲು ಹಾಕಿದೆ.

"ಸಾಕು ಬುಡ್ರವ್ವ. ಆ ಮಾತು ಹೇಳ್ಬೇಕಾದೋರು ನೀವಿಬ್ರೂ ಅಲ್ಲ. ಹೇಳ್ಬೇಕಾದೋರು ಮಹಡಿ ಮ್ಯಾಲವ್ರೆ."

ಮೂವರೂ ಹೊರಟೆವು. ಅಂದಾನಿ ಕುಂಟುತ್ತ ಮೇಲಿನ ಬೀದಿಗೆ ಹೋಗುತ್ತಿದ್ದಾನೆ ಎಂದರೆ ಜವರನ ಅಂಗಡಿ ಸುಮ್ಮನೆ ಕೂತಿರುತ್ತದೆಯೇ? ದೊಡ್ಡಮನೆ ಮುಟ್ಟುವಷ್ಟರಲ್ಲಿ ಹಿಂದೆ ಅರ್ಧ ಊರಿತ್ತು. ಲಂಗದ ವಿಷಯ, ಪದ್ದೂ ಎನ್ನುವ ಕೂಗು ಎರಡನ್ನು ಬಿಟ್ಟು ಮಿಕ್ಕದ್ದನ್ನು ಅಂದಾನಿಯೇ ಎಲ್ಲರೆದುರು ಹೇಳಿದ. ಪರಮೇಶಯ್ಯನವರ ಮುಖ ಬೆಳ್ಳಗಾಯಿತು. ಆದರೆ ಅಧ್ಯಕ್ಷರಾದವರು ಬೇಗ ಸುಧಾರಿಸಿಕೊಳ್ಳುತ್ತಾರೆ.

"ನೋಡಪ್ಪ, ಅಮ್ಮಂಗೆ ಈ ವಯಸ್ಸಿನಲ್ಲಿ ಇದೆಲ್ಲ ಬೇಡ. ನಾಳೆ ಒಂದು ಮ್ಯಾಚ್ ತಾನೇ? ಅಷ್ಟು ಹೊತ್ತು ಇನ್ಯಾರಾದ್ರೂ ಹಿಡ್ಕೊಳ್ಳಲಿ. ನಿನಗೋಸ್ಕರ ಪ್ರಾಣ ಕೊಡ್ತೀವಿ ಅಂತ ಬ್ಯಾನರ್ ಕಟ್ಟಿಸಿದಾರಲ್ಲ, ಇಷ್ಟು ಜನ ಇದ್ದಾರೆ."

ಅಂದಾನಿ ತಿರುಗಿ ಜನರತ್ತ ಕೈ ಚಾಚಿದ. "ಯಾರ್ ಅಂತೀರಿ?"

 ಮುಂದಿನ ಸಾಲಿನಲ್ಲಿ ಶ್ಯಾಮರಾಯರು "ಅಯ್ಯಪ್ಪಾ" ಎಂದು ತಮ್ಮ ಮಂಡಿ ಹಿಡಿದುಕೊಂಡರು. ಅವರ ಪಕ್ಕದವನು ಸೊಂಟ ಹಿಡಿದುಕೊಂಡ. ನೋಡನೋಡುತ್ತಿದ್ದಂತೆ ಇಡೀ ಅಭಿಮಾನಿ ಬಳಗದ ಮೈಯಲ್ಲಿ ಒಂದಲ್ಲ ಒಂದು ಕೀಲು ಕೆಟ್ಟಿತು.

"ಜವರಣ್ಣ?" ಎಂದ ಅಂದಾನಿ.

"ನಂಗಾಗ್ತಿತ್ತು ಕನ ಮಗ," ಎಂದ ಜವರ, ಅಂಗಿಯ ಗುಂಡಿ ಹಾಕಿ ಎದೆಯ ಮೇಲಿನ ಮುಖವನ್ನು ಮುಚ್ಚುತ್ತ. "ನಾಳೆ ಡೋಲು ಹೊಡಿಯಾಕೆ ನಾನೇ ಇಲ್ದೆ ಹೋದ್ರೆ ನಿಂಗೆ ಹುರುಪು ಎಲ್ಲಿಂದ ಬಂದಾತು?"

ಈ ಹೊತ್ತಿಗೆ ಪದ್ಮಾವತಮ್ಮನವರು ಮಹಡಿಯಿಂದ ಇಳಿದು ಬಂದಿದ್ದರು. ಎಲ್ಲ ಕೇಳಿಸಿಕೊಂಡರು. "ಏನೇ ಪುಟ್ಟಸಿದ್ದಿ, ನಾನೇನು ನಿನ್ನ ಬಾಯಿಗೆ ಕೋಲು ಹಾಕಿ ಹೇಳಿಸಿದ್ನೇನೇ? ನಿನ್ನ ಬಾಯಿಂದ ನೀನೇ ತಾನೇ ಅಂದಿದ್ದು?"

ಪುಟ್ಟಸಿದ್ದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅವಳ ದನಿ ಏರಲಿಲ್ಲ. "ಬಾಯಿ ನಂದೇ ಅಮ್ಮಾವ್ರೇ. ಆ ಬಾಯಿಗೆ ಬೀಳೋ ಮುದ್ದೆ ನಿಮ್ಮ ಹಿತ್ಲಲ್ಲಿತ್ತು. ಆಗ ಇವ್ನು ನನ್ ಹೊಟ್ಟೇಲಿದ್ದ. ಎಲ್ಡು ದಿನದಿಂದ ಏನೂ ತಿಂದಿರ್ನಿಲ್ಲ. 'ಒಂದ್ ಮಾತು ಅಂದ್‌ಬುಡು, ಆಮೇಲೆ ಉಣ್ಣೀವಂತೆ' ಅಂದ್ರಿ ನೀವು. ಅಂದೆ, ಉಂಡೆ. ಆವತ್ತು ಉಂಡಿದ್ದಕ್ಕೆ ಇಪ್ಪತ್ತು ವರ್ಸ ನಾನ್ ಕುಂಟ್ದೆ, ಇವ್ನ್ಯಾಕೆ ಕುಂಟ್ಬೇಕು?"

ಡೋಲು ಹಿಡಿದು ಬಂದಾಗ ನಾವು ಕೂಗಿದ ಒಂದು ಘೋಷಣೆಯೂ ಇದರ ಕಾಲಧೂಳಿಗೆ ಸಮವಿರಲಿಲ್ಲ. ಆದರೆ ಮುದುಕಿ ಅಷ್ಟಕ್ಕೆ ಬಗ್ಗುವ ಆಸಾಮಿಯಲ್ಲ. "ನಂದೇ ಅಂತ ಏನು ಗ್ಯಾರಂಟಿ? ನಾನು ಈ ಜನ್ಮದಲ್ಲಿ ಗೋಡೆ ಹತ್ತಿದವಳೂ ಅಲ್ಲ, ಬಿದ್ದವಳೂ ಅಲ್ಲ."

ಅಂದಾನಿ ನನ್ನ ಮುಖ ನೋಡಿದ, ಜವರನ ಮುಖ ನೋಡಿದ. ಇನ್ನು ಲಂಗ ಉಳಿಸಿಕೊಂಡು ಪ್ರಯೋಜನವಿಲ್ಲ ಎಂದು ತೀರ್ಮಾನಿಸಿದ. "ಹಸ್ರು ಲಂಗ ಉಟ್ಟಿದ್ರಿ ಅಮ್ಮಾವ್ರೇ. ಕೆಂಪಂಚು. ಕೆಳಗಡೆ ಒಂದು ಹುಡುಗಿ ನಿಮ್ಮನ್ನ ಪದ್ದೂ ಅಂತ ಕೂಗ್ತು."

ಪದ್ಮಾವತಮ್ಮನವರ ಕೈ ಕಂಬವನ್ನು ಹುಡುಕಿತು. "ಆ ಹೆಸರಲ್ಲಿ ಕರೆಯೋರು ಯಾರೂ ಉಳಿದಿಲ್ಲ," ಎಂದರು. ಅಂದಾನಿಯತ್ತ ಬಗ್ಗಿ, "ಯಾರೋ ಅದು? ನೋಡೋಕೆ ಹೇಗಿದ್ದಾಳೆ?"

"ಮುಂದ್ಲು ಹಲ್ಲು ಮುರಿದದೆ. ನಗ್ತಾವ್ಳೆ. ನಿಮ್ಮನ್ನ ಹಿಡ್ಕೊಳಾಕೆ ಎಲ್ಡು ಕೈಯೂ ಚಾಚವ್ಳೆ."

"ಮುಖ ಹೇಳೋ. ಸರಿಯಾಗಿ ಹೇಳು."

"ಹೇಳಾಕಾಗಾಕಿಲ್ಲ ಅಮ್ಮಾವ್ರೇ. ಅದು ಮಂಡಿ ಒಳಗೇ ಅದೆ. ಬಿಡಿಸಿ ಕೊಡಾಕೆ ಬರಾಕಿಲ್ಲ."

"ಅಮ್ಮಾ, ಬೇಡ, ಒಳಗೆ ನಡಿ," ಎಂದರು ಪರಮೇಶಯ್ಯ. "ಸುಮ್ನಿರೋ," ಎಂದರು ಪದ್ಮಾವತಮ್ಮನವರು. ಜಗಲಿಯಿಂದ ಕೆಳಗಿಳಿದು ಬಂದರು. ಅಷ್ಟು ವರ್ಷ ಜಗಲಿಯ ಕಂಬದಾಚೆ ನಿಂತು ನೋವು ಕೊಡುತ್ತಿದ್ದ ಕೈ ಈಗ ಅಂಗಳಕ್ಕೆ ಬಂದು ಅಂದಾನಿಯ ಕೈ ಹಿಡಿಯಿತು. ದೊಡ್ಡಮನೆಯವರ ಬಾಯಿಗೆ ಆ ಮಾತಿನ ರೂಢಿ ಇರಲಿಲ್ಲ. ಎರಡು ಸಲ ತುಟಿ ಆಡಿ ನಿಂತಿತು. ಆಮೇಲೆ ಎಲ್ಲರಿಗೂ ಕೇಳುವಂತೆ ಬಂತು: "ನಂದು. ನೋವೂ ನಂದು, ಅವಳೂ ನನ್ನವಳು."

ಹೇಳಿದ್ದೇ ಕಾಲು ಮಡಚಿ ಅಂಗಳದಲ್ಲಿ ಕೂತರು. ಕಿರುಚಿದರು. ಕಿರುಚುತ್ತ ಕಿರುಚುತ್ತ ಕಣ್ಣು ಅಗಲವಾಯಿತು. "ಅಯ್ಯೋ ಸರಸೂ! ಹಿಡ್ಕೋತೀನಿ ಅಂದು ಕೈ ಚಾಚಿ, ಅಪ್ಪನ್ನ ನೋಡಿ ಓಡ್ಹೋದ್ಯಲ್ಲೇ, ಮುಂಡೇದೇ!" ಎಂದು ನಗತೊಡಗಿದರು. ಅಳುತ್ತಲೂ ಇದ್ದರು. ಜನ ಚಪ್ಪಾಳೆ ಹೊಡೆದರು. ತನ್ನ ಮಂಡಿಯನ್ನು ತಾನು ಹೊತ್ತುಕೊಂಡದ್ದಕ್ಕೆ ಚಪ್ಪಾಳೆ! ಇಪ್ಪತ್ತು ವರ್ಷ ಹೊತ್ತು ಸೊಪ್ಪು ಮಾರಿದವಳು ಅಲ್ಲೇ ಪಕ್ಕದಲ್ಲಿ ನಿಂತಿದ್ದಳು, ಅವಳಿಗೆ ಒಬ್ಬನೂ ಹೊಡೆಯಲಿಲ್ಲ. ನಾನು ಹೊಡೆಯೋಣವೆಂದು ತಿರುಗಿದರೆ ಅವಳು ಮಗನ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಮಡಚಿ, ಬಿಡಿಸಿ, ಹೊಸ ಪಾತ್ರೆ ಕೊಳ್ಳುವವಳ ಹಾಗೆ ಪರೀಕ್ಷೆ ಮಾಡುತ್ತಿದ್ದಳು.

ಮಾರನೆಯ ದಿನ ಅಂದಾನಿ ಮೈದಾನಕ್ಕೆ ಇಳಿದಾಗ ಎದ್ದ ಕೂಗು ಹೊಳೆಯಾಚೆಗೂ ಕೇಳಿಸಿರಬೇಕು. ಚೆಂಡು ಅವನ ಕಾಲಿಗೆ ಬಂತು. ಓಡಿದ. ಎಂಥ ಓಟ! ನೆಟ್ಟಗೆ, ಬಾಣದ ಹಾಗೆ, ಎಲ್ಲಿಗೆ ಹೋಗುತ್ತಾನೆಂದು ಎಲ್ಲರಿಗೂ ಗೊತ್ತಾಗುವ ಹಾಗೆ. ಹೊಳೆಯಾಚೆಯ ಊರಿನ ದಪ್ಪನೆಯ ಹುಡುಗ ನಿಂತಲ್ಲೇ ಕಾಲು ಚಾಚಿ ಚೆಂಡು ತೆಗೆದುಕೊಂಡ. ಇನ್ನೊಮ್ಮೆ ಓಡಿದ, ಇನ್ನೊಮ್ಮೆ ತೆಗೆದುಕೊಂಡ. ಕುಸಿಯದ ಮಂಡಿ, ವಾಲದ ಮೈ, ಮೋಸಹೋಗದ ಎದುರಾಳಿ. ಪೆನಾಲ್ಟಿಯೊಂದು ಸಿಕ್ಕಿತು. ಬಾಯಲ್ಲಿ ಹುಳಿ ಬರಲಿಲ್ಲವಂತೆ. ಅದನ್ನೇ ಯೋಚಿಸುತ್ತ ಗೋಲುಕಂಬದ ಮೇಲಿಂದ ಹೊಡೆದ. ನಾವು ಸೋತೆವು. ಚೆನ್ನಾಗಿಯೇ ಸೋತೆವು.

ಸಂಜೆಗೆ ಜವರನ ಅಂಗಡಿಯಲ್ಲಿ ಹೊಸ ಚರ್ಚೆ. ಈಗ ಮಂಡಿಗೆ ಏನೂ ಆಗದಿರುವುದೇ ಕಾಯಿಲೆ. ಮೇಲಿನ ಬೀದಿಯವರು ಸಾಲುಗಟ್ಟಿ ಬಂದು ಕ್ಲಬ್ಬಿನ ಹಿತಕ್ಕಾಗಿ ತಂತಮ್ಮ ಮಂಡಿನೋವು ಕೊಡುವುದಾಗಿ ಹೇಳಿದರು. ಶ್ಯಾಮರಾಯರು ಎರಡೂ ಕಾಲಿನದ್ದು ಕೊಡಲು ತಯಾರಿದ್ದರು. "ವಸಿ ನೋವಿದ್ರೇನೇ ಮಗ ನೀನು ಚೆಂದ ಆಡೋದು," ಎಂದು ಜವರ ಅಂದಾನಿಯ ಗಲ್ಲ ಹಿಡಿದ. "ಊರಿಗೋಸ್ಕರ ಒಂದ್ ಮಾತು ಅಂದ್‌ಬುಡು."

"ಊರಿಗೆ ಬಾಯಿಲ್ವಾ?" ಎಂದ ಅಂದಾನಿ.

ಕೊನೆಗೆ ನಿಯೋಗವೊಂದು ದೊಡ್ಡಮನೆಗೆ ಹೋಗಿ, ಆ ಹಳೆಯ ಮಂಡಿಯನ್ನೇ ವಾಪಸ್ ಕೊಡಿಸಿ, ಅದರ ಓಟವೇ ಬೇರೆ ಎಂದು ಬೇಡಿತು. ಜಗಲಿಯಲ್ಲಿ ಮಂಡಿಗೆ ಎಕ್ಕದ ಎಲೆ ಕಟ್ಟಿಕೊಂಡು ಕೂತಿದ್ದ ಪದ್ಮಾವತಮ್ಮನವರು ಊರುಗೋಲು ಎತ್ತಿದರು. "ಸರಸೂ ಈಗಷ್ಟೇ ಬಂದಿದಾಳೆ. ಹೋಗ್ರೋ!" ನಿಯೋಗದವರು ಓಡಿದರು. ಒಬ್ಬನೂ ಕುಂಟಲಿಲ್ಲ.

ಅಂದಾನಿಗೆ ಈಗ ಹಿಂದಿನ ಸಾಲಿನಲ್ಲಿ ಜಾಗ. ಗೋಲು ಹೊಡೆಯುವುದಿಲ್ಲ, ಹೊಡೆಸಿಕೊಳ್ಳದಂತೆ ನೋಡಿಕೊಳ್ಳುತ್ತಾನೆ, ಅದೂ ಸುಮಾರಾಗಿ. ಬ್ಯಾನರಿನಲ್ಲಿ ಬೇರೆಯವನ ಮುಖ ಬಂದಿದೆ. ಜವರ ಎದೆಯ ಮೇಲಿನದನ್ನು ತನ್ನ ಸೋದರತ್ತೆ ಎಂದು ಹೇಳಿಕೊಂಡು ತಿರುಗುತ್ತಾನೆ. ಮೊನ್ನೆ ಒಂದು ಸಂಜೆ ನಾನು, ಪುಟ್ಟಸಿದ್ದಮ್ಮ, ಅಂದಾನಿ ಮೂವರೂ ದೊಡ್ಡಮನೆಯ ಹಿಂದಿನ ಓಣಿಯಲ್ಲಿ ಬರುತ್ತಿದ್ದೆವು. ಹುಣಸೆಮರ ಇನ್ನೂ ಇದೆ, ಗೋಡೆಯೂ ಇದೆ. ಬೇಡ ಬೇಡ ಎನ್ನುವುದರೊಳಗೆ ಅವನು ಹತ್ತಿದ. ಅಂಗಿಯ ತುಂಬ ಕಾಯಿ ಕಿತ್ತುಕೊಂಡು ಗೋಡೆಯ ಮೇಲೆ ನಿಂತ. ಕೆಳಗೆ ಪುಟ್ಟಸಿದ್ದಮ್ಮ ಬೈಯುತ್ತಲೇ ಎರಡೂ ಕೈ ಚಾಚಿದಳು. ದುಮುಕಿದ. ಮುಗ್ಗರಿಸಿ, ನೆಲಕ್ಕೆ ಮಂಡಿ ತಾಗಿಸಿ, ಎದ್ದು ನಿಂತ. ಚರ್ಮ ತರಚಿ ಸಣ್ಣಗೆ ರಕ್ತ ಬಂದಿತ್ತು.

"ನೋವಾಯ್ತೇನ್ಲಾ?" ಎಂದೆ.

"ಆಯ್ತು ಕನಕ್ಕ." ಅವ್ವ ಕೈ ಹಿಡಿಯಲು ಬಂದಳು, ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹೊಸ ಅಂಗಿ ತೊಟ್ಟವನ ಹಾಗೆ ನಗುತ್ತ ಮಂಡಿಯನ್ನು ಮುಂದೆ ಚಾಚಿ ತೋರಿಸಿದ. "ಮುಟ್ಬ್ಯಾಡವ್ವ. ಇದು ನಂದೇಯ."